ಬಗೆಯ ಮೇಷ್ಟ್ರ ಹಗೆ

ಅವರ ಬಲಗಿವಿಯ ಸಂದಿಯಲ್ಲಿ ಸದಾ ಒಂದು ಸೀಮೆಸುಣ್ಣದ ತುಂಡು ಸಿಕ್ಕಿಕೊಂಡಿರುತ್ತಿತ್ತು, ಬಡಗಿಯ ಕಿವಿಯಲ್ಲಿ ಪೆನ್ಸಿಲ್ ಇರುವ ಹಾಗೆ. ಎಡಗಡೆಯ ಕೂದಲು ಇನ್ನೂ ಇದ್ದಿಲಿನಂತೆ ಕಪ್ಪಗಿದ್ದಾಗಲೇ ಬಲಗಡೆಯದು ಬೆಳ್ಳಗಾಗಿತ್ತು. ಹೊಸದಾಗಿ ಕಾಲೇಜು ಸೇರಿದ ಹುಡುಗರು ಇದನ್ನು ವಿಪರೀತ ಯೋಚನೆಯಿಂದ ಬಂದ ನರೆಯೆಂದು ನಂಬಿ ದೂರದಿಂದಲೇ ಕೈ ಮುಗಿಯುತ್ತಿದ್ದರು. ಭಾನುವಾರ ತಲೆಗೆ ಸ್ನಾನ ಮಾಡಿದ ಮೇಲೆ ಅವರನ್ನು ಗುಬ್ಬಿಯ ಮನೆಯಲ್ಲಿ ಕಂಡವರಿಗೆ ಮಾತ್ರ ನಿಜ ಗೊತ್ತಿತ್ತು. ನಾನು ಕಂಡಿದ್ದೆ. ಯಾರಿಗೂ ಹೇಳಲಿಲ್ಲ.

ಅವರು ತುಮಕೂರಿನ ಕಾಲೇಜೊಂದರಲ್ಲಿ ಗಣಿತದ ಮೇಷ್ಟ್ರು. ನಾನು ಅದೇ ವಿಭಾಗಕ್ಕೆ ಎಪ್ಪತ್ತರ ದಶಕದ ನಡುವಿನಲ್ಲಿ ಹೆಬ್ಬೂರಿನಿಂದ ಬಂದು ಸೇರಿದ ಕಿರಿಯ ಲೆಕ್ಚರರ್. ಮದುವೆಯಾಗದವನನ್ನು ಕಂಡರೆ ತುಮಕೂರಿನ ಮನೆ ಮಾಲೀಕರು ಮುಂಬಾಗಿಲ ಜೊತೆಗೆ ಹಿಂಬಾಗಿಲನ್ನೂ ಹಾಕಿಕೊಳ್ಳುತ್ತಿದ್ದ ಕಾಲ. ಮೇಷ್ಟ್ರೇ ಗುಬ್ಬಿಯಲ್ಲಿ ತಮ್ಮ ಬೀದಿಯಲ್ಲಿ ನನಗೊಂದು ರೂಮು ಕೊಡಿಸಿದರು. ಹೀಗಾಗಿ ಬೆಳಗ್ಗೆ ರೈಲಿನಲ್ಲಿ ಒಂದು ಪಾಠ, ಸಾಯಂಕಾಲ ರೈಲಿನಲ್ಲಿ ಒಂದು ಪಾಠ. ನಡುವೆ ಕಾಲೇಜಿನಲ್ಲಿ ನಾನು ಮಾಡುತ್ತಿದ್ದುದನ್ನು ಪಾಠ ಎನ್ನಲು ಈಗ ಸಂಕೋಚವಾಗುತ್ತದೆ.

ಪಾಠದ ವಿಷಯ ಒಂದೇ: ಬಗೆ.

ಇಂಗ್ಲಿಷಿನಲ್ಲಿ ಟೈಪ್ ಎನ್ನುವುದಕ್ಕೆ ಅವರು ಇಟ್ಟ ಹೆಸರದು. ಕನ್ನಡ ವಿಭಾಗದ ಒಬ್ಬರು ‘ಜಾತಿ’ ಎಂದು ಸೂಚಿಸಿದ್ದರಂತೆ. “ಜಾತಿ ಅಂದ್ರೆ ಹುಡುಗ್ರು ಪಾಠ ಬಿಟ್ಟು ಮೊದ್ಲು ನನ್ನದು ಯಾವುದು ಅಂತ ಕೇಳ್ತಾರೆ, ಆಮೇಲೆ ನಿಮ್ಮದು” ಎಂದು ಮೇಷ್ಟ್ರು ಅದನ್ನು ತಳ್ಳಿಹಾಕಿದ್ದರು.

ಆಗ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಇರಲಿಲ್ಲ. ಕಂಪ್ಯೂಟರಿನ ಪಾಠ ಮಾತ್ರ ಇತ್ತು. ಹುಡುಗರು ಕಾಗದದ ಮೇಲೆ ಪ್ರೋಗ್ರಾಂ ಬರೆಯಬೇಕು, ಅದು ಬೆಂಗಳೂರಿಗೆ ಹೋಗಿ ರಟ್ಟಿನ ಕಾರ್ಡುಗಳ ಮೇಲೆ ತೂತುಗಳಾಗಬೇಕು, ಅಲ್ಲಿನ ಮಿಷನ್ನು ಅದನ್ನು ತಿಂದು ಉತ್ತರ ಉಗುಳಬೇಕು. ವಾರ ಕಾದ ಮೇಲೆ ಬರುತ್ತಿದ್ದ ಉತ್ತರ ಸಾಮಾನ್ಯವಾಗಿ ಅಸಂಬದ್ಧವಾಗಿರುತ್ತಿತ್ತು. ತಪ್ಪು ಮಿಷನ್ನಿನದಲ್ಲ, ಹುಡುಗರದು. ದಶಾಂಶ ಸಂಖ್ಯೆ ಕೊಡಬೇಕಾದಲ್ಲಿ ಪೂರ್ಣಾಂಕ ಕೊಟ್ಟಿರುತ್ತಿದ್ದರು. ಇದು ಯಾವುದೆಂದು ಮಿಷನ್ನು ಕೇಳುತ್ತಲೇ ಇರಲಿಲ್ಲ.

“ಯಾಕೆ ಕೇಳಲ್ಲ ಅಂತೀಯಾ?” ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಮೇಷ್ಟ್ರು ಶುರುಮಾಡುತ್ತಿದ್ದರು. “ಕುಣಿಗಲ್ ಫಾರಮ್ಮಿನಲ್ಲಿ ಕುದುರೆ ನಿಂತಿವೆ ಅಂತಿಟ್ಕೋ. ಎಷ್ಟು?”

“ಮೂರು.”

“ಮೇಲೆ ಸವಾರರು ಕೂತಿದಾರೆ. ಎಷ್ಟು?”

“ಮೂರು... ಅಲ್ಲ, ಮೂವರು ಸಾರ್.”

“ನೋಡಿದ್ಯಾ! ಯಾರೂ ಹೇಳಿಕೊಡ್ಲಿಲ್ಲ, ನಾಲಗೆ ತಾನೇ ತಿದ್ಕೊಳ್ತು. ಕುದುರೆಗೆ ಒಂದು, ಎರಡು. ಮನುಷ್ಯರಿಗೆ ಒಬ್ಬರು, ಇಬ್ಬರು. ಹೆಬ್ಬೂರಿನ ನಾಲಗೆಗೆ ಇರೋ ಬುದ್ಧಿ ಬೆಂಗಳೂರಿನ ಮಿಷನ್ನಿಗಿಲ್ಲ ಕಣಯ್ಯಾ. ಅದು ಕುದುರೆ, ಸವಾರ ಎಲ್ಲಾನೂ ಕೂಡ್ಸಿ ಆರು ಅಂತ ಪ್ರಿಂಟ್ ಮಾಡುತ್ತೆ. ಆರು ಏನು? ಅದರಪ್ಪನಿಗೂ ಗೊತ್ತಿರಲ್ಲ.”

ನಾನು ಅಮ್ಮಾವ್ರು ಎನ್ನುತ್ತಿದ್ದ ಮೇಷ್ಟ್ರ ಹೆಂಡತಿಯ ತವರು ಕುಣಿಗಲ್. “ನಮ್ಮೂರಿನ ಕುದುರೆ ಬಿಟ್ರೆ ನಿಮಗೆ ಬೇರೆ ಉದಾಹರಣೆನೇ ಇಲ್ವೇನ್ರೀ?” ಎಂದು ಆಕೆ ಕಾಫಿ ಬೀಜ ಹುರಿಯುತ್ತ ಕೇಳಿದ ಮೇಲೆ ಎರಡನೆಯ ಉದಾಹರಣೆ ಹುಟ್ಟಿತು: ಹಿಟ್ಟಿನ ಮಿಲ್ಲು. ಗಣಿತದಲ್ಲಿ ಫಂಕ್ಷನ್ ಎನ್ನುವುದಕ್ಕೆ ಅವರ ಮನೆಮಾತು ಅದು. ಒಂದು ಕಡೆ ಏನೋ ಹಾಕುತ್ತೀರಿ, ಇನ್ನೊಂದು ಕಡೆ ಏನೋ ಬರುತ್ತದೆ. “ರಾಗಿ ಮಿಲ್ಲಿಗೆ ಮೆಣಸಿನಕಾಯಿ ಹಾಕಿದ್ರೆ ಮಿಲ್ಲು ಬೇಡ ಅನ್ನಲ್ಲ. ಅನುಭವಿಸೋನು ಮುಂದಿನೋನು, ಮುದ್ದೆ ಬಾಯಿಗಿಟ್ಟಾಗ.” ಕಡಲಾಚೆಯ ವಿಶ್ವವಿದ್ಯಾಲಯಗಳಲ್ಲಿ ಜನ ಇದೇ ಪ್ರಶ್ನೆಗೆ ತಲೆ ಕೆಡಿಸಿಕೊಂಡಿದ್ದಾರೆ, ಪ್ರೋಗ್ರಾಂ ಓಡುವ ಮೊದಲೇ ಭಾಷೆಯೇ ಬಗೆ ನೋಡಿ ‘ಇದು ಸಲ್ಲದು’ ಎನ್ನಬೇಕೆಂದು ವಾದಿಸುತ್ತಿದ್ದಾರೆ ಎಂಬುದನ್ನು ಅವರು ಬೆಂಗಳೂರಿನ ಲೈಬ್ರರಿಯೊಂದರಲ್ಲಿ ಶನಿವಾರಗಳಂದು ಓದಿ ಬರುತ್ತಿದ್ದರು. ನಮ್ಮ ಹುಡುಗರಿಗಾಗಿ ತಾವೇ ಒಂದು ಪದ್ಧತಿ ಕಟ್ಟಿದರು. ಪ್ರೋಗ್ರಾಮಿನ ಪ್ರತಿ ಹೆಸರಿನ ಪಕ್ಕ ಅದರ ಬಗೆ ಬರೆದು ಪಟ್ಟಿ ಮಾಡುವುದು, ಕೊಡುವ ಕಡೆ ತೆಗೆದುಕೊಳ್ಳುವ ಕಡೆ ಹೊಂದುತ್ತದೆಯೇ ಎಂದು ಕೈಯಲ್ಲೇ ತಾಳೆ ನೋಡುವುದು. ತಾಳೆಯಾದದ್ದು ಮಾತ್ರ ಬೆಂಗಳೂರಿಗೆ. ಅಸಂಬದ್ಧ ಉತ್ತರಗಳು ನಿಂತುಹೋದವು.

ಇದು ನಮ್ಮ ವಿಭಾಗದ ಮುಖ್ಯಸ್ಥರ ಕಿವಿಗೆ ಬಿತ್ತು. ಟೈ ಕಟ್ಟುತ್ತಿದ್ದರು, ಲ್ಯಾವೆಂಡರ್ ಪೌಡರಿನ ವಾಸನೆ ಬರುತ್ತಿತ್ತು. ಇವೆರಡೂ ಅಪರಾಧಗಳಲ್ಲವೆಂದು ನಾನು ಬಲ್ಲೆ, ಆದರೂ ದಾಖಲಾಗಲಿ. ಅವರು ಮೇಷ್ಟ್ರನ್ನು ತಮ್ಮ ಕೋಣೆಗೆ ಕರೆದು, ಕಾಫಿ ತರಿಸಿ, ಕೆಲವು ಮಧ್ಯಾಹ್ನ ಎಲ್ಲವನ್ನೂ ಕೇಳಿಸಿಕೊಂಡರು. ಮೇಷ್ಟ್ರು ಹಿಗ್ಗಿದರು. “ಮನುಷ್ಯನಿಗೆ ಕುತೂಹಲ ಇದೆ ಕಣಯ್ಯಾ” ಎಂದರು.

ಕುತೂಹಲದ ಫಲವನ್ನು ನಾವಿಬ್ಬರೂ ಬೆಂಗಳೂರಿನ ಒಂದು ವಿಚಾರಗೋಷ್ಠಿಯ ಹಿಂದಿನ ಸಾಲಿನಲ್ಲಿ ಕೂತು ನೋಡಿದೆವು. ವೇದಿಕೆಯ ಮೇಲೆ ಮುಖ್ಯಸ್ಥರು ‘ನನ್ನ ಪದ್ಧತಿ’ ಎಂದು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರು. ಕುದುರೆಗಳೂ ಇದ್ದವು, ಮಿಲ್ಲೂ ಇತ್ತು. ಕೊನೆಗೆ ಯಾರೋ ಕೇಳಿದರು: ಇಷ್ಟೊಂದು ತಾಳೆ ನೋಡುವ ಕೆಲಸ ಯಾರು ಮಾಡುತ್ತಾರೆ?

ಮುಖ್ಯಸ್ಥರು ನಕ್ಕು, ಕನ್ನಡಕ್ಕಿಳಿದರು. “ನಮ್ಮಲ್ಲಿ ಒಂದು ಗುಬ್ಬಿ ಇದೆ. ಬೆಳಗ್ಗೆ ಟ್ರೈನಲ್ಲಿ ಬರುತ್ತೆ, ಕಾಳು ಕುಕ್ಕಿದ ಹಾಗೆ ತಪ್ಪು ಕುಕ್ಕುತ್ತೆ, ಸಾಯಂಕಾಲ ಹಾರಿ ಹೋಗುತ್ತೆ.”

ಸಭೆ ಚೆನ್ನಾಗಿ ನಕ್ಕಿತು. ಮೇಷ್ಟ್ರು ನಗಲಿಲ್ಲ, ಎದ್ದೂ ಹೋಗಲಿಲ್ಲ. ವಾಪಸು ಬರುವಾಗ ರೈಲು ತುಮಕೂರು ದಾಟಿತು. ಆಮೇಲೆ, “ಒಂದು ಅಂದ” ಎಂದರು.

“ದೂರು ಕೊಡೋಣ ಸಾರ್. ಕದ್ದಿದ್ದಕ್ಕೆ ನಾನೇ ಸಾಕ್ಷಿ.”

“ಕದ್ದಿದ್ದಕ್ಕಲ್ಲ ಕಣಯ್ಯಾ ನನಗೆ ಸಂಕಟ. ವಿದ್ಯೆ ಯಾರು ಬೇಕಾದ್ರೂ ತಗೊಂಡು ಹೋಗ್ಲಿ. ಒಬ್ಬರಿದಾರೆ ಅಂದಿದ್ರೆ ಬಿಡ್ತಿದ್ದೆ. ಒಬ್ಬ ಇದಾನೆ ಅಂದಿದ್ರೂ ಬಿಡ್ತಿದ್ದೆ. ಒಂದು ಇದೆ ಅಂದ. ಬರುತ್ತೆ ಅಂದ, ಹೋಗುತ್ತೆ ಅಂದ. ಬಗೆ ತಪ್ಪು.” ಕಿಟಕಿಯ ಕಡೆ ತಿರುಗಿ, “ದೂರು ಕೊಟ್ರೆ ಕಮಿಟಿ ಆಗುತ್ತೆ. ಕಮಿಟಿ ಆದ್ರೆ ಕಾಫಿ ಆಗುತ್ತೆ. ಅವನ ಕಾಫಿ ನಾನು ಕುಡಿದಿದ್ದು ಸಾಕು.”

ಗುಬ್ಬಿ ಸ್ಟೇಷನ್ನಿನಲ್ಲಿ ಇಳಿಯುವಾಗ ಅವರ ಮುಖದಲ್ಲಿ ಒಂದು ಬಗೆಯ ಪ್ರಸನ್ನತೆ ಇತ್ತು. ಅದು ನನಗೆ ಹಿಡಿಸಲಿಲ್ಲ. “ಅವನು ತಗೊಂಡು ಹೋಗಿದ್ದು ಅರ್ಧ” ಎಂದರು. “ಮಿಲ್ಲಿನ ಬಗೆ ಏನು ಅಂತ ಅವನ ಪಟ್ಟಿಯಲ್ಲಿ ಬರೀ ‘ಮಿಲ್ಲು’ ಅಂತಿದೆ. ಯಾವ ಮಿಲ್ಲು? ಏನು ತಿನ್ನುತ್ತೆ, ಏನು ಕೊಡುತ್ತೆ? ಅದು ಬರೀದಿದ್ರೆ ಇಡೀ ಪದ್ಧತಿ ತೂತು. ಹೋದ ವಾರ ಹೊಳೀತು. ಸೋಮವಾರ ಹೇಳೋಣ ಅಂತಿದ್ದೆ.”

“ಈಗ?”

“ಈಗ ಹೇಳಲ್ಲ.”

ಕ್ಷಮೆಯೇ ದೊಡ್ಡ ಗುಣವೆಂದು ನಂಬುವ ಓದುಗರು ಇಲ್ಲಿಗೇ ನಿಲ್ಲಿಸಬಹುದು. ಮುಂದೆ ಆ ಗುಣ ಯಾರಲ್ಲೂ ಕಾಣಿಸಿಕೊಳ್ಳುವುದಿಲ್ಲ.

ಅಂದಿನಿಂದ ಗುಬ್ಬಿಯ ಆ ಮನೆಯಲ್ಲಿ ಸಾಯಂಕಾಲಗಳಿಗೆ ಒಂದು ವಿಷಯವೇ ಆಯಿತು. ಬಾಣಲೆಯಲ್ಲಿ ಕಾಫಿ ಬೀಜ, ಬಾಯಲ್ಲಿ ಮುಖ್ಯಸ್ಥರು. ಎರಡೂ ಒಂದೇ ಹದಕ್ಕೆ ಹುರಿಯುತ್ತಿದ್ದವು. ಅಮ್ಮಾವ್ರದು ನೇರ ಮಾರ್ಗ. “ಅವನ ನಾಲ್ಗೆ ಸೇದೋಗ!” ಎನ್ನುತ್ತಿದ್ದರು.

“ಹಾಗನ್ಬೇಡ ಕಣೇ” ಎಂದು ಮೇಷ್ಟ್ರು ತಡೆಯುತ್ತಿದ್ದರು. “ನಾಲ್ಗೆ ಸೇದೋದ್ರೆ ಬೋರ್ಡ್ ಮುಂದೆ ಉತ್ತರ ಹೇಳೋರು ಯಾರು? ಆ ನಾಲ್ಗೆ ನನಗೆ ಬೇಕು.”

ಮುಖ್ಯಸ್ಥರು ಏರುತ್ತ ಹೋದರು. ಪದ್ಧತಿ ಪುಸ್ತಿಕೆಯಾಗಿ ಅಚ್ಚಾಯಿತು. ಮೈಸೂರಿನಲ್ಲಿ ಭಾಷಣ, ಹಾರ, ಪತ್ರಿಕೆಯಲ್ಲಿ ಪಟ. ಪ್ರತಿ ಸಲವೂ ಮೇಷ್ಟ್ರು ಕೋಣೆಗೆ ಹೋಗಿ ಅಭಿನಂದಿಸಿ ಬರುತ್ತಿದ್ದರು, ಅಚ್ಚಿನ ತಪ್ಪುಗಳನ್ನೂ ತಿದ್ದಿಕೊಡುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. “ಇನ್ನೂ ಮೇಲೆ ಹತ್ತಲಿ ಬಿಡಯ್ಯಾ” ಎಂದರು. “ಮೊದಲ್ನೇ ಮೆಟ್ಲಿಂದ ಬಿದ್ದೋನು ಮೈ ಕೊಡವಿಕೊಂಡು ಹೋಗ್ತಾನೆ.”

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಹತ್ತಲು ಮೆಟ್ಟಿಲು ಉಳಿದಿರಲಿಲ್ಲ. ಪದ್ಧತಿಯನ್ನು ಎಲ್ಲ ಕಾಲೇಜುಗಳ ಪಠ್ಯಕ್ಕೆ ಸೇರಿಸಬೇಕೇ ಎಂದು ನೋಡಲು ಬೆಂಗಳೂರಿನಿಂದ ಹಿರಿಯ ಪ್ರೊಫೆಸರರ ತಂಡವೊಂದು ತುಮಕೂರಿಗೇ ಬಂತು. ಸಭಾಂಗಣ ತುಂಬಿತ್ತು. ಮುಖ್ಯಸ್ಥರು ಅಮೋಘವಾಗಿ ಮಾತಾಡಿದರು. ಪ್ರಶ್ನೆಗಳಿದ್ದರೆ ಕೇಳಬಹುದು ಎಂದಾಗ ಮೇಷ್ಟ್ರು ಎದ್ದು ಮುಂದೆ ನಡೆದರು. ಕಿವಿಯಿಂದ ಸೀಮೆಸುಣ್ಣ ತೆಗೆದು ಮುಖ್ಯಸ್ಥರ ಕೈಗೆ ಕೊಟ್ಟರು.

“ತಾವೇ ಬರೀಬೇಕು ಸರ್. ನನ್ನ ಅಕ್ಷರ ಚೆನ್ನಾಗಿಲ್ಲ. ಒಂದು ಫಂಕ್ಷನ್. ಕೊಠಡಿ ನಂಬರ್ ಕೊಟ್ರೆ ಅಲ್ಲಿ ಕೂತಿರೋರು ಯಾರು ಅಂತ ಹೇಳುತ್ತೆ. ‘ಯಾರು’ ಅಂತಲೇ ಹೆಸರಿಡೋಣ. ಒಂದನೇ ನಂಬರ್ ಕೊಟ್ರೆ?”

“ಒಂದನೇ ಕೊಠಡಿ ನನ್ನದು. ಮುಖ್ಯಸ್ಥರು ಅಂತ ಬರುತ್ತೆ.”

“ಬಹಳ ಸರಿ. ಇನ್ನೊಂದು ಫಂಕ್ಷನ್. ಅದಕ್ಕೆ ಯಾವುದಾದರೂ ಒಂದು ಫಂಕ್ಷನ್ ಕೊಡ್ತೀವಿ. ಅದು ನಾವು ಕೊಟ್ಟ ಫಂಕ್ಷನ್ನಿಗೆ ಒಂದನೇ ನಂಬರ್ ತಿನ್ನಿಸಿ, ಬಂದದ್ದಕ್ಕೆ ಒಂದು ಕೂಡಿಸಿ, ಮೊತ್ತವನ್ನ ಸಂಖ್ಯೆಯಾಗಿ ಕೊಡುತ್ತೆ. ಈ ಎರಡನೇದಕ್ಕೆ ನಮ್ಮ ‘ಯಾರು’ ಫಂಕ್ಷನ್ ಕೊಡಬಹುದಾ?”

ಮುಖ್ಯಸ್ಥರು ತಮ್ಮ ಪಟ್ಟಿ ನೋಡಿದರು. ಬೇಕಾದದ್ದು: ಫಂಕ್ಷನ್. ಕೊಡುತ್ತಿರುವುದು: ಫಂಕ್ಷನ್. “ಧಾರಾಳವಾಗಿ ಕೊಡಬಹುದು. ಬಗೆ ಹೊಂದುತ್ತೆ.”

“ತಪ್ಪೇನೂ ಇಲ್ಲ?”

“ಏನೂ ಇಲ್ಲ.”

“ಹಾಗಾದ್ರೆ ಕೂಡಿಸಿ ಸರ್.”

ಮುಖ್ಯಸ್ಥರು ‘ಮುಖ್ಯಸ್ಥರು + 1’ ಎಂದು ದಪ್ಪಕ್ಷರದಲ್ಲಿ ಬರೆದರು. ಬರೆದ ಮೇಲೆ ಕೈ ಅಲ್ಲೇ ನಿಂತಿತು.

“ಉತ್ತರ ಎರಡೋ, ಇಬ್ಬರೋ?” ಮೇಷ್ಟ್ರ ಧ್ವನಿಯಲ್ಲಿ ವಿನಯ ತೊಟ್ಟಿಕ್ಕುತ್ತಿತ್ತು.

ಮುಂದಿನ ಸಾಲಿನ ಹಿರಿಯ ಪ್ರೊಫೆಸರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಹೇಳಿ, ಎರಡೋ ಇಬ್ಬರೋ?” ಎಂದು ಅವರೂ ಕೇಳಿದರು.

ಇಬ್ಬರು ಎಂದರೆ ಸಂಖ್ಯೆ ಬರಬೇಕಾದಲ್ಲಿ ಮನುಷ್ಯರು ಬಂದರು, ಪದ್ಧತಿ ಸುಳ್ಳು. ಪದ್ಧತಿ ಉಳಿಯಬೇಕಾದರೆ ಹಾದಿ ಒಂದೇ. ಮುಖ್ಯಸ್ಥರು ಬೋರ್ಡಿಗೆ ಹೇಳಿದರು: “ಎರಡು.”

“ಅದರಲ್ಲಿ ಕೂಡಿಸಿದ ಒಂದು ಕಳೀರಿ. ಉಳಿದದ್ದು ತಾವು. ಎಷ್ಟು?”

“ಒಂದೂ...” ಎಂದು ಹಿಂದಿನ ಬೆಂಚಿನಿಂದ ರಾಗ ಬಂತು. ಸಭಾಂಗಣ ಒಡೆದುಹೋಗುವಂತೆ ನಕ್ಕಿತು.

“ನಾನಾಗಿದ್ರೆ ಒಬ್ಬರು ಅಂತಿದ್ದೆ” ಎಂದರು ಮೇಷ್ಟ್ರು. “ತಮ್ಮ ಪದ್ಧತಿ ಒಪ್ಪಲ್ಲ.”

ಇದನ್ನು ಸರಿಪಡಿಸುವುದು ಹೇಗೆಂದು ಹಿರಿಯರು ಕೇಳಿದಾಗ, ಫಂಕ್ಷನ್ ಏನು ತಿಂದು ಏನು ಕೊಡುತ್ತದೆ ಎಂಬುದೂ ಅದರ ಬಗೆಯೊಳಗೇ ಇರಬೇಕೆಂದು ಮೇಷ್ಟ್ರು ಒಂದು ವಾಕ್ಯದಲ್ಲಿ ಹೇಳಿ, ಯಾರ ಹೆಸರಿನಲ್ಲಾದರೂ ಹಾಕಿಕೊಳ್ಳಿ ಎಂದು ಬಂದು ಕೂತರು. ಬೆಂಗಳೂರಿಗೆ ಬಂದು ಭಾಷಣ ಮಾಡಿ ಎಂದು ಹಿರಿಯರು ಕರೆದರು, ಇವರು ಹೋಗಲಿಲ್ಲ. ಮುಖ್ಯಸ್ಥರ ಮುಖ ನೋಡಿದ ಮೇಲೆ ಬೇರೆ ನೋಡುವುದೇನೂ ಇರಲಿಲ್ಲವೆಂದು ತೋರುತ್ತದೆ. ಅಂದು ಆ ಮುಖಕ್ಕೆ ಎಲ್ಲವೂ ನೆನಪಾಗಿತ್ತು. ಆ ವಿಚಾರಗೋಷ್ಠಿಯ ಹಿಂದಿನ ಸಾಲಿನಲ್ಲಿ ಯಾರು ಕೂತಿದ್ದರು ಎಂಬುದೂ.

ಸಾಯಂಕಾಲದ ರೈಲಿನಲ್ಲಿ ಕೇಳಿದೆ: “ಸಮಾಧಾನ ಆಯ್ತಾ ಸಾರ್?”

ಗಂಭೀರವಾಗಿ ಯೋಚಿಸಿದರು. “ಇಲ್ಲ ಕಣಯ್ಯಾ. ಇನ್ನೊಂದ್ಸಲ ಮಾಡ್ಬೇಕು ಅನ್ನಿಸ್ತಿದೆ.”

ಅದಕ್ಕೆ ಅವಕಾಶ ಸಿಗಲಿಲ್ಲ. ಮುಖ್ಯಸ್ಥರು ಆಮೇಲೆ ಬೋರ್ಡಿನ ಹತ್ತಿರ ಸುಳಿಯಲಿಲ್ಲ. ಗಣಿತ ಬೇಕಿಲ್ಲದ ದೊಡ್ಡ ಹುದ್ದೆಗಳಿಗೆ ಹೋದರು. ಮೇಷ್ಟ್ರು ಅದೇ ರೈಲಿನಲ್ಲಿ ಓಡಾಡಿ ನಿವೃತ್ತರಾದರು. ಎಂಬತ್ತರ ದಶಕದ ಕೊನೆಯಲ್ಲಿ, ಒಂದು ಚಳಿಯ ಬೆಳಗ್ಗೆ, ಜಗಲಿಯ ಮೇಲೆ ಬಿಸಿಲು ಕಾಯಿಸುತ್ತ ಕೂತವರು ಹಾಗೆಯೇ ಗೋಡೆಗೆ ಒರಗಿದರು. ಅಮ್ಮಾವ್ರು ಕಾಫಿ ತಂದಾಗ ಹೋಗಿಬಿಟ್ಟಿದ್ದರು.

ಕರ್ಮಾಂತರಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ನಾನು ಆ ಮನೆಯಲ್ಲಿದ್ದಾಗ ಬಾಗಿಲಲ್ಲಿ ಕಾರು ನಿಂತಿತು. ಮುಖ್ಯಸ್ಥರು ಇಳಿದರು. ಟೈ ಇರಲಿಲ್ಲ. ವಯಸ್ಸಾಗಿತ್ತು. ಹಜಾರದಲ್ಲಿ ಮೇಷ್ಟ್ರ ಪಟದ ಮುಂದೆ ಬಹಳ ಹೊತ್ತು ನಿಂತು, ಆಮೇಲೆ ಅಮ್ಮಾವ್ರ ಕಡೆ ತಿರುಗಿದರು. ತಪ್ಪೊಪ್ಪಿಕೊಳ್ಳಲೆಂದೇ ಬಂದಿದ್ದರೆಂದು ಈಗಲೂ ನನ್ನ ನಂಬಿಕೆ. ಬಾಯಿ ಅದಕ್ಕೆ ಸಿದ್ಧವಾಗಿತ್ತು. ಹೆಸರು ಹೇಳಿಕೊಂಡರು.

“ನಿಮ್ಮ ಯಜಮಾನ್ರು ನನ್ನ ವಿಷಯ ಹೇಳಿರ್ಬೇಕು, ತಾಯಿ.”

ಅಮ್ಮಾವ್ರು ಸೆರಗು ಸರಿಮಾಡಿಕೊಂಡು, ಅವರನ್ನು ಮೇಲಿನಿಂದ ಕೆಳಗೆ ಸಾವಕಾಶವಾಗಿ ನೋಡಿದರು.

“ಇಲ್ವಲ್ಲ. ಒಂದಿನಾನೂ ಹೇಳಿದ್ದು ಜ್ಞಾಪಕ ಇಲ್ಲ” ಎಂದರು. “ನಿಮ್ಮದು ಯಾವ ಡಿಪಾರ್ಟ್‌ಮೆಂಟು?”

ನಾನು ಗೋಡೆ ನೋಡಿದೆ. ಮುಖ್ಯಸ್ಥರು ಪಟಕ್ಕೆ ಕೈ ಮುಗಿದು ಹೊರಟರು. ದ್ವೇಷವನ್ನಾದರೂ ತಡೆದುಕೊಳ್ಳಬಹುದೆಂದು ಬಂದವರಿಗೆ ಅಲ್ಲಿ ಅದೂ ದಕ್ಕಲಿಲ್ಲ. ಕಾರಿನ ಸದ್ದು ತಿರುವಿನಲ್ಲಿ ಅಡಗಿದ ಮೇಲೆ ಅಮ್ಮಾವ್ರು ನನ್ನ ಕಡೆ ತಿರುಗಿ, “ಹೆಂಗಿತ್ತು?” ಎಂದರು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗು.

ಮೇಷ್ಟ್ರಿಂದ ನಾನು ಬಗೆ ಕಲಿತೆ, ಅದರಿಂದಲೇ ಇಡೀ ಬದುಕು ನಡೆಸಿದೆ. ಹಗೆ ಕಲಿತದ್ದು ಅವರು, ಅಮ್ಮಾವ್ರು ಇಬ್ಬರಿಂದಲೂ. ಈ ಬರಹದಲ್ಲಿ ಮುಖ್ಯಸ್ಥರ ಹೆಸರನ್ನು ನಾನು ಎಲ್ಲಿಯೂ ಬರೆದಿಲ್ಲ. ಅದನ್ನು ಯಾರೂ ಸೌಜನ್ಯವೆಂದು ತಿಳಿಯಬಾರದು.