ನೋಡದ ಪೆಟ್ಟಿಗೆಗೆ ಸಹಿ

ಪ್ರಾಮಾಣಿಕರನ್ನು ದೂರದಿಂದ ಗೌರವಿಸಬೇಕು, ಸಮಿತಿಗೆ ಸೇರಿಸಿಕೊಳ್ಳಬಾರದು. ಧಾರವಾಡದ ನಮ್ಮ ಪುಟ್ಟ ಬುದ್ಧವಿಹಾರದ ಸಮಿತಿಗೆ ಈ ಜ್ಞಾನೋದಯ ಆದದ್ದು ಸ್ವಲ್ಪ ತಡವಾಗಿ, ಅಂದರೆ ಉಡಚಪ್ಪನವರನ್ನು ಅಧ್ಯಕ್ಷರನ್ನಾಗಿ ಮಾಡಿದ ಮೇಲೆ.

ಉಡಚಪ್ಪನವರು ಸರಕಾರದ ಒಂದು ಇಲಾಖೆಯಲ್ಲಿ ಉಗ್ರಾಣದ ಲೆಕ್ಕ ನೋಡಿಕೊಂಡು ನಿವೃತ್ತರಾದವರು. ಕಚೇರಿಗಳಲ್ಲಿ ಮಾರ್ಚ್ ತಿಂಗಳೆಂದರೆ ಪವಾಡಗಳ ಕಾಲ. ಬಂದ ಹಣ ವಾಪಸ್ ಹೋಗಬಾರದಲ್ಲ, ಹಾಗಾಗಿ ಇನ್ನೂ ಕಾಡಿನಲ್ಲಿ ಮರವಾಗಿ ನಿಂತಿರುವ ಬೆಂಚುಗಳು ಕಾಗದದ ಮೇಲೆ ಬಂದು ಸಾಲಾಗಿ ಕುಳಿತುಬಿಡುತ್ತವೆ. ‘ಬಂದಿವೆ ಅಂತ ಸಹಿ ಹಾಕು’ ಎಂದು ಸಾಹೇಬರು ಹೇಳಿದರೆ ಇವರು ‘ತೋರಿಸ್ರಿ’ ಎನ್ನುತ್ತಿದ್ದರು. ಕಾಣದ ಬೆಂಚಿನ ಕೃಪೆಯಿಂದ ಬೀದರಕ್ಕೆ ವರ್ಗವಾಯಿತು, ಕಾಣದ ಕಪಾಟಿನ ಕೃಪೆಯಿಂದ ಕೊಪ್ಪಳಕ್ಕೆ. ಹೀಗೆ ಸರಕಾರದ ಖರ್ಚಿನಲ್ಲಿ ಅರ್ಧ ಕರ್ನಾಟಕ ನೋಡಿದ ಪುಣ್ಯಾತ್ಮರು. ಪ್ರತಿ ಸಲ ಗಂಟುಮೂಟೆ ಕಟ್ಟಿ, ಬಿಚ್ಚಿ, ಹೊಸ ಊರಿನಲ್ಲಿ ನೀರಿನ ನಳ ಹುಡುಕಿದವರು ಅವರ ಹೆಂಡತಿ ಪ್ರಭಾವತಿ ಅಕ್ಕ. ಆಕೆಗೆ ಯಾರೂ ಸನ್ಮಾನ ಮಾಡಲಿಲ್ಲ.

ನಿವೃತ್ತಿಯಾದರೂ ಚಾಳಿ ನಿವೃತ್ತವಾಗಲಿಲ್ಲ. ಗ್ಯಾಸ್ ಸಿಲಿಂಡರ್ ತೂಗದೆ ಒಳಗೆ ಬಿಡುವುದಿಲ್ಲ. ಮೊಮ್ಮಗ ಹುಟ್ಟಿದನೆಂದು ಬೆಳಗಾವಿಯಿಂದ ಅಳಿಯ ಫೋನ್ ಮಾಡಿದರೆ, ‘ಛಲೋ, ಬಂದು ನೋಡಿ ಹೇಳ್ತೇನಿ’ ಅಂದರಂತೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಲೋಕಕ್ಕೆ. ಇವರೊಬ್ಬರೇ ಅದನ್ನು ಮೈಮೇಲೆ ಹಾಕಿಕೊಂಡರು. ಅಂಥವರಿಗೆ ಸಹಿಯ ಅಧಿಕಾರ ಕೊಟ್ಟವರು ಮಾತ್ರ ನಾವೇ. ಲೆಕ್ಕ ಕೇಳುವವರ ಬಾಯಿ ಮುಚ್ಚಿಸಲು ಸಮಿತಿಗೆ ಒಂದು ಪ್ರಾಮಾಣಿಕ ಮುಖ ಬೇಕಿತ್ತು.

ವಿಹಾರದಲ್ಲಿ ಎಲ್ಲ ಇತ್ತು, ಮೂರ್ತಿ ಇರಲಿಲ್ಲ. ಗೋಡೆಯ ಮೇಲೆ ಕ್ಯಾಲೆಂಡರಿನ ಬುದ್ಧ, ಅವನ ಪಾದದ ಕೆಳಗೆ ಸಿಮೆಂಟ್ ಅಂಗಡಿಯ ಫೋನ್ ನಂಬರು. ಹುಣ್ಣಿಮೆ ಹುಣ್ಣಿಮೆಗೆ ಆ ನಂಬರಿಗೂ ಸೇರಿಸಿ ಕೈಮುಗಿದು ಪ್ರಭಾವತಿ ಅಕ್ಕನಿಗೆ ಸಾಕಾಗಿತ್ತು. ಊರಿಗೆ ಬಂದಿದ್ದ ಒಬ್ಬ ಥಾಯ್ ಭಿಕ್ಷುವಿನ ವಿಳಾಸ ಹಿಡಿದು, ವರ್ಷಗಟ್ಟಲೆ ಪತ್ರ ಬರೆದು, ಅಲ್ಲಿನ ವಿಹಾರದವರಿಂದ ಒಂದು ಕಂಚಿನ ಮೂರ್ತಿಯ ದಾನಕ್ಕೆ ಒಪ್ಪಿಗೆ ಪಡೆದಿದ್ದರು. ಆಕೆ ತನಗೆ ಬೇಕೆಂದು ಬಾಯಿಬಿಟ್ಟು ಕೇಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮೂರ್ತಿ ಪೆಟ್ಟಿಗೆ ಸೇರಿ, ಬ್ಯಾಂಕಾಕಿನ ಬಂದರಿನಲ್ಲಿ ಚೆನ್ನೈ ಹಡಗಿಗಾಗಿ ಕಾಯುತ್ತ ಕೂತಿತ್ತು.

ಅಷ್ಟರಲ್ಲಿ ಹುಬ್ಬಳ್ಳಿಯಿಂದ ಕಸ್ಟಮ್ಸ್ ಏಜೆಂಟ್ ರೋಹಿತ ಒಂದು ಹಾಳೆ ಹಿಡಿದು ಉಡಚಪ್ಪನವರ ಮನೆಗೆ ಬಂದ. ಸಮಿತಿಯ ಕಾರ್ಯದರ್ಶಿ ಎಂಬ ತಪ್ಪಿಗೆ ನಾನೂ ಅಲ್ಲಿದ್ದೆ. ಈಗಿನ ನಿಯಮವೆಂದರೆ, ಹಡಗು ಆ ಕಡೆಯ ದಡ ಬಿಡುವ ಮೊದಲೇ ಪೆಟ್ಟಿಗೆಯಲ್ಲಿ ಏನಿದೆ, ಕಳಿಸಿದವರು ಯಾರು, ಯಾರಿಗೆ ಎಂದು ಈ ಕಡೆಯ ಕಸ್ಟಮ್ಸ್‌ಗೆ ತಿಳಿಸಬೇಕು. ದೇಶದ ಭದ್ರತೆಗಾಗಿ. ತರಿಸಿಕೊಳ್ಳುವವರು ವಿವರಕ್ಕೆ ಸಹಿ ಹಾಕದಿದ್ದರೆ ಹಡಗಿನವರು ಪೆಟ್ಟಿಗೆ ಹತ್ತಿಸಿಕೊಳ್ಳುವುದಿಲ್ಲ.

ಉಡಚಪ್ಪನವರು ಹಾಳೆಯನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟರು.

“ಬಂದಿಲ್ಲದ ಸಾಮಾನಿಗೆ ನಾ ಸಹಿ ಹಾಕೂದಿಲ್ಲ.”

“ಸರ, ಇದು ಬಂದೈತಿ ಅಂತ ಅಲ್ರಿ. ಬರೂದೈತಿ ಅಂತ ರೀ” ಎಂದ ರೋಹಿತ.

“ಬೆಂಚಿಗೂ ಹಂಗಽ ಅಂದಿದ್ರು.”

“ಅವರು ಫೋಟೋ ಕಳಿಸ್ಯಾರಲ್ರಿ.”

“ಬೆಂಚಿಂದೂ ಫೋಟೋ ಇತ್ತು. ಒಳಗ ಬಾಂಬ್ ಇದ್ರ?”

“ಅದಕ್ಕಽ ಮುಂಚೆ ಕೇಳಾಕತ್ತಾರ್ರಿ ಸರ.”

“ಅವರು ನನ್ನ ಕೇಳಿದ್ರ, ನಾ ಯಾರನ್ನ ಕೇಳ್ಲಿ? ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಸೂ ಧಂಧೆ ಇದು. ಏನ ಗೌತಮ, ನೀ ಕಾಲೇಜಿನ್ಯಾಗ ಪಾಠ ಹೇಳಾಂವ, ನೀನಽ ಹೇಳು.”

ನಾನು ಕಾಲೇಜಿನಲ್ಲಿ ಕಲಿತ ಏಕೈಕ ವಿದ್ಯೆಯನ್ನು ಬಳಸಿ, ‘ಎರಡೂ ಕಡೆ ನ್ಯಾಯ ಐತ್ರಿ’ ಎಂದೆ. ಕೊನೆಗೆ ಅವರೇ ದೊಡ್ಡ ಮನಸ್ಸು ಮಾಡಿ, ‘ಪೆಟ್ಟಿಗೆ ಒಂದು, ಒಳಗಿನದು ನೋಡಿಲ್ಲ’ ಎಂದು ಬರೆದುಕೊಡಲು ತಯಾರಾದರು. ಅಂಥ ವಿವರ ಕಳಿಸಿದರೆ ಭದ್ರತೆಯವರು ನಿಜಕ್ಕೂ ಮೂರ್ತಿಯನ್ನು ಬಾಂಬೆಂದೇ ತಿಳಿದಾರು ಎಂದು ರೋಹಿತ ಅತ್ಯಂತ ವಿನಯದಿಂದ ತಿಳಿಸಿದ. ಸಂಜೆಯೊಳಗೆ ಸಹಿ ಹೋಗಬೇಕು. ಈ ಹಡಗು ತಪ್ಪಿದರೆ ಮೂರ್ತಿಯನ್ನು ಅದಕ್ಕಾಗಿ ಕಾಯುತ್ತಿರುವ ಬೇರೊಂದು ಊರಿಗೆ ಕೊಡುತ್ತೇವೆಂದು ದಾನಿಗಳು ಹೇಳಿಯಾಗಿತ್ತು.

“ಹೋಗಲಿ” ಎಂದರು ಉಡಚಪ್ಪನವರು. “ಕ್ಯಾಲೆಂಡರ್ ಐತೆಲ್ಲ.”

ನನಗೆ ಸಿಟ್ಟು ಬಂತು. ಈ ಮನುಷ್ಯನ ಶುದ್ಧ ಹಸ್ತಕ್ಕೆ ಕೊನೆಯಿಲ್ಲದ ಬೆಲೆ ತೆರುವವರು ಯಾವಾಗಲೂ ಬೇರೆಯವರೇ ಎನಿಸಿತು. ಚಹಾ ತಂದ ಪ್ರಭಾವತಿ ಅಕ್ಕ ಬಾಗಿಲಲ್ಲೇ ನಿಂತಿದ್ದರು. ತಟ್ಟೆ ಕೆಳಗಿಟ್ಟರು.

“ನಾನೂ ಒಮ್ಮೆ ಸಹಿ ಮಾಡೇನಿ. ನಮ್ಮ ಲಗ್ನದ ದಿನ, ರಿಜಿಸ್ಟರ್ ಆಫೀಸಿನ್ಯಾಗ, ನಿಮ್ಮ ಬಾಜೂಕ ನಿಂತು. ಅಲ್ಲೀತನಾ ನಿಮ್ಮ ಮುಖಾನೂ ನೋಡಿರಲಿಲ್ಲ. ಹುಡುಗ ಛಲೋ, ಸರಕಾರಿ ನೌಕರಿ, ಒಂದಽ ಊರಾಗ ಆರಾಮ ಇರ್ತೀ ಅಂತ ನಮ್ಮಪ್ಪ ವಿವರ ಕೊಟ್ಟಿದ್ದಾ. ಅದನ್ನ ನಂಬಿ ಮಾಡ್ದೆ.”

ರೋಹಿತ ತನ್ನ ಹಾಳೆಯಲ್ಲಿ ಏನನ್ನೋ ಬಹಳ ಶ್ರದ್ಧೆಯಿಂದ ಓದತೊಡಗಿದ.

“ವಿವರ ತಪ್ಪಿತ್ತು” ಎಂದರು ಅಕ್ಕ. “ಆದ್ರೂ ನಾ ವಾಪಸ್ ಕಳಿಸ್ಲಿಲ್ಲ.”

ಉಡಚಪ್ಪನವರು ತೆಗೆದಿಟ್ಟ ಕನ್ನಡಕವನ್ನು ಕೈಗೆತ್ತಿಕೊಂಡರು. “ತಕರಾರು ಇದ್ರ ಆವಾಗಽ ಹೇಳಬೇಕಿತ್ತು.”

“ಯಾರು ಕೇಳಿದ್ರು?”

ಉಡಚಪ್ಪನವರು ಕನ್ನಡಕ ಹಾಕಿಕೊಂಡರು. ‘ಬುದ್ಧನ ಮೂರ್ತಿ, ಕಂಚು, ಒಂದು’ ಎಂಬಲ್ಲಿ ಬೆರಳಿಟ್ಟು ಓದಿದರು, ಕೆಳಗೆ ಸಹಿ ಹಾಕಿದರು. ನೋಡದ ಸಾಮಾನಿಗೆ ಅವರು ಹಾಕಿದ ಮೊದಲ ಸಹಿ ಅದು. ಅದನ್ನು ನೋಡಿ ನಗಬೇಕೆಂದಿದ್ದ ನನಗೆ ನಗು ಬರಲಿಲ್ಲ. ರೋಹಿತ ಫೋಟೋ ಹೊಡೆದು ಕಳಿಸಿ, ಉತ್ತರ ಬರುವವರೆಗೂ ಕಾದು, “ಆತ್ರೀ ಸರ, ಪೆಟ್ಟಿಗಿ ಹಡಗ ಹತ್ತತೈತಿ” ಎಂದ.

ಅವರಿಗೆ ಅದು ಕೇಳಿಸಿದಂತಿರಲಿಲ್ಲ. ಹೆಂಡತಿಯ ಕಡೆ ತಿರುಗಿ, ಲೆಕ್ಕ ತಾಳೆ ನೋಡುವವರ ದನಿಯಲ್ಲಲ್ಲ, ಅಂಜಿದವರ ದನಿಯಲ್ಲಿ ಕೇಳಿದರು: “ಯಾವ ಊರಾಗ ನಿನಗ ಭಾಳ ತ್ರಾಸ ಆತು?”

ಪ್ರಭಾವತಿ ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಅವರೆದುರು ಕುರ್ಚಿ ಎಳೆದುಕೊಂಡರು.

“ಕುಂಡ್ರಿ, ಹೇಳ್ತೇನಿ. ಲಗೂ ಮುಗಿಯೂದಲ್ಲ.”