ಮಂಡಿಗೊಂದು ಖೋ

ಖೋ ಖೋ ಆಟದಲ್ಲಿ ಬೆನ್ನಟ್ಟುವವರು ಒಮ್ಮೆ ಹಿಡಿದ ದಿಕ್ಕನ್ನು ಕಂಬ ಮುಟ್ಟುವವರೆಗೆ ಬದಲಿಸುವಂತಿಲ್ಲ. ಶಾಲೆಯಲ್ಲಿದ್ದಷ್ಟು ಕಾಲ ಹುಡುಗಿಯರಿಗೆ ನಾನು ಇದನ್ನು ಬೋಧಿಸಿದ್ದೇನೆ. ಮೀರಿದವರಿಗೆ ನಿರ್ದಾಕ್ಷಿಣ್ಯವಾಗಿ ಸೀಟಿ ಊದಿದ್ದೇನೆ. ಅಂಥ ನಾನೇ ಕಳೆದ ಚಳಿಗಾಲದಲ್ಲಿ ನಿಯಮವನ್ನು ಮುರಿದು, ಜೊತೆಗೆ ಎಡಮಂಡಿಯನ್ನೂ ಕೆಡಿಸಿಕೊಂಡೆನೆಂದು ಬರೆಯುವಾಗ ಲೇಖನಿ ತುಸು ತಡವರಿಸುತ್ತದೆ.

ನಮ್ಮ ಗೋಪಾಳ ಬಡಾವಣೆಯ ಮಹಿಳೆಯರಿಗೂ ಭದ್ರಾವತಿ ನ್ಯೂಟೌನಿನ ಮಹಿಳೆಯರಿಗೂ ವರ್ಷಕ್ಕೆರಡು ಪಂದ್ಯಗಳು ನಡೆಯುತ್ತವೆ: ಚಳಿಗಾಲದಲ್ಲಿ ನಮ್ಮಲ್ಲಿ, ಯುಗಾದಿ ಕಳೆದ ಮೇಲೆ ಅವರಲ್ಲಿ. ಸೀಟಿ ಸದಾ ನನ್ನದು. ಅಂದು ನಮ್ಮ ತಂಡಕ್ಕೆ ಒಬ್ಬರು ಕಡಿಮೆಯಾದುದರಿಂದ ಸೀಟಿಯನ್ನು ಬೇರೊಬ್ಬರಿಗೆ ಒಪ್ಪಿಸಿ ನಾನೇ ಅಂಕಣಕ್ಕಿಳಿದೆ. ತೀರ್ಪು ಕೊಡುವುದು ಓಡುವುದಕ್ಕಿಂತ ಎಷ್ಟು ಸುಲಭವೆಂಬುದು ಬೇಗನೆ ತಿಳಿಯಿತು. ಭದ್ರಾವತಿಯ ಆಟಗಾರ್ತಿಯೊಬ್ಬಳು ನನ್ನ ಬೆನ್ನ ಹಿಂದೆ ನುಸುಳಿದಳು. ಮನಸ್ಸು ತಿರುಗಿತು, ಮೈ ತಿರುಗಿತು. ಪಾದ ಮಾತ್ರ ನಿಯಮಕ್ಕೆ ಬದ್ಧವಾಗಿ ಮಣ್ಣಿನಲ್ಲೇ ನಿಂತಿತು. ನಡುವೆ ಸಿಕ್ಕಿದ ಮಂಡಿ ಒಳಕ್ಕೆ ಬಾಗಿ, ಏನೋ ಹರಿದಂತಾಯಿತು.

ಎದುರುಮನೆಯಲ್ಲೇ ಇರುವ, ನಮ್ಮ ತಂಡದಲ್ಲೇ ಆಡುವ ನನ್ನ ನಾದಿನಿ ಶಾರದೆ ಓಡಿಬಂದು ಹೆಗಲು ಕೊಟ್ಟಳು. "ಅತ್ತಿಗೆ, ಮೊದ್ಲು ಫೌಲ್ ಒಪ್ಕೊಳ್ಳಿ. ಆಸ್ಪತ್ರೆಗೆ ಆಮೇಲೆ ಹೋಗೋಣ."

ನಾನು ಕೈಯೆತ್ತಿ ಒಪ್ಪಿಕೊಂಡೆ. ಎರಡೂ ತಂಡಗಳು ಚಪ್ಪಾಳೆ ತಟ್ಟಿದವು.

ಮೂಳೆವೈದ್ಯರ ಕ್ರಮ ನನಗೆ ಮೆಚ್ಚುಗೆಯಾಯಿತು. ಅವರು ಮೊದಲು ಪರೀಕ್ಷಿಸಿದ್ದು ಸರಿಯಿದ್ದ ಕಾಲನ್ನು. ಮಂಡಿಯನ್ನು ಕೊಂಚ ಮಡಿಸಿ, ಹೊರಬದಿಯಲ್ಲಿ ಅಂಗೈಯೊತ್ತಿ, ಹಿಮ್ಮಡಿಯನ್ನು ಮೆಲ್ಲನೆ ಹೊರಕ್ಕೆ ಎಳೆದರು. ಬಳಿಕ ನೊಂದ ಕಾಲಿಗೂ ಅದೇ ಪರೀಕ್ಷೆ. ಇದರ ಸಂದು ಅದಕ್ಕಿಂತ ಹೆಚ್ಚು ಬಾಯ್ತೆರೆಯಿತು, ನಾನೂ ಬಾಯ್ತೆರೆದೆ. "ಒಳಗಡೆ ಲಿಗಮೆಂಟ್ ಅರ್ಧಂಬರ್ಧ ಹರಿದಿದೆ ಮೇಡಂ. ಆಪರೇಷನ್ ಏನೂ ಬೇಡ, ತಾನೇ ಕೂಡ್ಕೊಳುತ್ತೆ. ನೀವು ಅವಸರ ಮಾಡ್ಬಾರ್ದು ಅಷ್ಟೆ" ಎಂದರು. ಮೂಳೆಗೆ ಮೂಳೆಯನ್ನು ಬಿಗಿದಿಡುವ ಆ ಪಟ್ಟಿ, ಒಳಮಗ್ಗುಲಿನಲ್ಲಿ ಇಷ್ಟು ಕಾಲ ಸದ್ದಿಲ್ಲದೆ ದುಡಿದಿತ್ತು. ಹೆಸರು ಕೇಳಲು ಅದು ಹರಿಯಬೇಕಾಯಿತು.

ಮಂಡಿಗೆ ಬ್ರೇಸ್ ಕಟ್ಟಿಕೊಂಡು, ಐಸ್ ಇಟ್ಟುಕೊಂಡು ನಾನು ಮತ್ತೆ ಒಂದನೆಯ ತರಗತಿಗೆ ಸೇರಿದೆ. ಫಿಸಿಯೋಥೆರಪಿಯ ಹುಡುಗಿ ಮಂಡಿಯ ಕೆಳಗೆ ಟವೆಲ್ ಸುರುಳಿಯಿಟ್ಟು "ಒತ್ತಿ, ಹಿಡ್ಕೊಳ್ಳಿ, ಬಿಡಿ" ಎನ್ನುವಳು. ಆಮೇಲೆ ಕಾಲೆತ್ತುವುದು, ನಿಂತಲ್ಲೇ ತುಳಿಯುವ ಸೈಕಲ್ಲು, ಒಂಟಿಕಾಲಿನ ನಿಲುವು. ಒಂದು ಪಾಠ ನೋವಿಲ್ಲದೆ ಒಪ್ಪಿಸದೆ ಮುಂದಿನದಿಲ್ಲ. ಇಷ್ಟು ಕಟ್ಟುನಿಟ್ಟಿನ ಉಪಾಧ್ಯಾಯಿನಿಯನ್ನು ನಾನು ಕನ್ನಡಿಯಲ್ಲಷ್ಟೇ ಕಂಡಿದ್ದೆ. ಕೊನೆಗೆ ಕುಕ್ಕರಗಾಲಿನಲ್ಲಿ ಕೂರಿಸಿ, ಎಬ್ಬಿಸಿ, ಓಡಿಸಿ, ತಿರುಗಿಸಿ ನೋಡಿ "ಇನ್ನು ಆಡ್ಬಹುದು" ಎಂದಳು.

ಮಂಡಿ ಪಾಸಾಯಿತು, ಊರು ಪಾಸು ಮಾಡಲಿಲ್ಲ. ಕಂಡಲ್ಲೆಲ್ಲ ಕುರ್ಚಿ ಬಂತು. ತರಕಾರಿ ಚೀಲ ಕೈಯಿಂದ ಮಾಯವಾಯಿತು. ಕಾಯಿಲೆಗೆ ಔಷಧವಿದೆ, ಅನುಕಂಪಕ್ಕೆ ಇಲ್ಲ. ಯುಗಾದಿಯ ನಂತರದ ಪಂದ್ಯದಲ್ಲಿ ಆಡಿಯೇ ತೀರುವೆನೆಂದು ಹಟ ಹಿಡಿದೆ. ಇಲ್ಲವಾದರೆ ಉಳಿದ ಆಯುಷ್ಯವೆಲ್ಲ ಕುರ್ಚಿಯಲ್ಲೇ ಎಂಬುದು ಖಚಿತವಾಗಿತ್ತು.

ಭದ್ರಾವತಿಯ ಮೈದಾನದಲ್ಲಿ ಸಾಲಿನ ನಡುವೆ ಕುಕ್ಕರಗಾಲಿನಲ್ಲಿ ಕುಳಿತೆ. ಎಡಕ್ಕೆ ಖೋ, ಬಲಕ್ಕೆ ಖೋ. ನನಗೆ ಮಾತ್ರ ಇಲ್ಲ. ನಮ್ಮವರು ನನ್ನನ್ನು ಹೂಕುಂಡದಂತೆ ಬಳಸಿ ದಾಟಿಹೋಗುತ್ತಿದ್ದರು. ಎದುರಾಳಿಗಳಿಗೂ ಇದು ತಿಳಿದು, ದಣಿದಾಗಲೆಲ್ಲ ನನ್ನ ಮುಂದೆ ಬಂದು ಸುಧಾರಿಸಿಕೊಳ್ಳತೊಡಗಿದರು. ಒಬ್ಬಳಂತೂ "ಮಂಡಿ ಹೇಗಿದೆ ಟೀಚರ್?" ಎಂದು ವಿಚಾರಿಸಿದಳು. ಆಟದಲ್ಲಿ ಸೋಲುವುದು ಬೇರೆ, ಆಟದಲ್ಲಿದ್ದೂ ಇಲ್ಲದಂತಾಗುವುದು ಬೇರೆ. ಮಂಡಿ ಹರಿದಾಗ ಬಾರದ ಕಣ್ಣೀರು ಆಗ ಬರುವುದರಲ್ಲಿತ್ತು.

ಅಷ್ಟರಲ್ಲಿ ಬೆನ್ನಿಗೆ ಫಟಾರನೆ ಒಂದು ಏಟು ಬಿತ್ತು. "ಖೋ!" ಶಾರದೆಯ ಧ್ವನಿ. "ಏಳಿ ಅತ್ತಿಗೆ, ಕೂತಿದ್ದು ಸಾಕು."

ಎದ್ದೆ. ಕುಶಲ ವಿಚಾರಿಸಿದವಳು ಕಿರುಚಿಕೊಂಡು ಓಡಿದಳು. ನಾನು ಹಿಡಿದ ದಿಕ್ಕನ್ನು ಬಿಡದೆ ಓಡಿ, ಕಂಬ ಮುಟ್ಟಿ, ನಿಯಮಬದ್ಧವಾಗಿಯೇ ತಿರುಗಿದೆ. ಈ ಸಲ ಪಾದವೂ ಮಂಡಿಯೂ ನನ್ನೊಡನೆ ತಿರುಗಿದವು. ಅವಳು ತಪ್ಪಿಸಿಕೊಂಡಳೆನ್ನಿ, ಅವಳ ವಯಸ್ಸು ನನ್ನದರ ಅರ್ಧ.

ಆ ರಾತ್ರಿ ಮಂಡಿ ನೋಯಲಿಲ್ಲ. ಬೆನ್ನಿನ ಮೇಲೆ ಶಾರದೆಯ ಐದು ಬೆರಳೂ ಉರಿಯುತ್ತಿದ್ದವು. ಅದಕ್ಕೆ ಐಸ್ ಇಡಲು ನನಗೆ ಮನಸ್ಸಾಗಲಿಲ್ಲ.