ಗೇಟಿಗೆ ಸಿಕ್ಕಿಕೊಂಡ ಅತ್ತೆ

ವೆಲ್ಡಿಂಗ್ ಅಂಗಡಿಯ ಯಜಮಾನನಿಗೆ ಕಿಡಿಯಣ್ಣ ಎಂದು ಹೆಸರಿಟ್ಟವರು ಯಾರೋ, ಈಗ ಹೆಂಡತಿಯೂ ಹಾಗೇ ಕರೆಯುತ್ತಾಳೆ. ಮೂವತ್ತು ವರ್ಷದಿಂದ ಬೆಂಕಿಯ ಕಿಡಿ ಬಿದ್ದು ಅವನ ಅಂಗಿಗಳೆಲ್ಲ ಜರಡಿಯಾಗಿವೆ. ಆಳು ಕಡ್ಡಿಯಂತಿದ್ದರೂ ಕೆಲಸ ಗಟ್ಟಿ. ಅವನು ಹಾಕಿದ ಬೆಸುಗೆ ಬಿಟ್ಟಿತೆಂದು ಇಂದಿಗೂ ಯಾರೂ ಹೇಳಿಲ್ಲ.

ಬಡಾವಣೆಯ ಪಾರ್ಕಿಗೆ ಬೈಕುಗಳು ನುಗ್ಗತೊಡಗಿದಾಗ ನಗರಸಭೆಯ ಇಂಜಿನಿಯರು ಅವನನ್ನೇ ಕರೆಸಿದರು.

"ನೋಡಪ್ಪಾ, ಗೇಟು ಭದ್ರವಾಗಿರಬೇಕು. ಆದ್ರೆ ಎಲ್ಲರಿಗೂ ತೆರೆದಿರಬೇಕು."

"ಅಂದ್ರೆ ಸಾರ್, ಮುಚ್ಚಿದ ಹಾಗೂ ಇರಬೇಕು, ತೆರೆದ ಹಾಗೂ ಇರಬೇಕು?"

"ಹಾಂ, ಸರಿಯಾಗಿ ಹಿಡಿದೆ!"

ಕಿಡಿಯಣ್ಣ ತಲೆ ಕೆರೆದುಕೊಂಡು ಅಂಕುಡೊಂಕು ಗೇಟೊಂದನ್ನು ಮಾಡಿದ. ಬಲಕ್ಕೆ ತಿರುಗಿ, ಎಡಕ್ಕೆ ತಿರುಗಿ ಒಳಗೆ ಹೋಗಬೇಕು. ಅಗಲ ಎಷ್ಟೆಂದು ಇಂಜಿನಿಯರು ಹೇಳಿರಲಿಲ್ಲ. ತಾನೇ ನಾಲ್ಕು ಸಲ ಸರಾಗವಾಗಿ ಓಡಾಡಿ ನೋಡಿ ಬೆಸುಗೆ ಹಾಕಿಬಿಟ್ಟ.

ಮರುದಿನ ಬೆಳಿಗ್ಗೆ ಬಂದ ಬೈಕುಗಳು ಬಾಲ ಮುದುರಿಕೊಂಡು ವಾಪಸಾದವು. ಕಿಡಿಯಣ್ಣ ಮೀಸೆ ತಿರುವುತ್ತಿರುವಾಗಲೇ ಅವನ ಹೆಂಡತಿಯ ತಾಯಿ ವಾಕಿಂಗಿಗೆ ಬಂದರು. ತುಂಬಿದ ಮೈ, ಬಿಡುವಿಲ್ಲದ ಬಾಯಿ. ಮೊದಲ ತಿರುವು ದಾಟಿದರು. ಎರಡನೆಯದರಲ್ಲಿ ನಿಂತರು. ನಿಂತೇಬಿಟ್ಟರು.

"ಅಳಿಯಂದ್ರೇ, ಯಾವ ತಲೆಕೆಟ್ಟವನು ಮಾಡಿದ್ದು ಇದನ್ನ?"

ಕಿಡಿಯಣ್ಣ ಓಡಿಬಂದ. "ನಗರಸಭೆಯವರು, ಅತ್ತೆ. ತಡೀರಿ, ಮೆಷಿನ್ ತಂದು ಕತ್ತರಿಸ್ತೀನಿ."

"ಕಿಡಿ ಹಾರಿ ನನ್ನ ಸೀರೆ ಸುಡೋಕಾ? ಹತ್ತಿರ ಬಂದ್ರೆ ನೋಡಿ!"

ಕೊನೆಗೆ ಅವನು ಕೈಗರಗಸ ಹಿಡಿದು ಕೂತ. ಎರಡು ಗಂಟೆ ಉಜ್ಜಿದರೂ ಕಬ್ಬಿಣ ಜಪ್ಪಯ್ಯ ಅನ್ನಲಿಲ್ಲ.

"ಇಷ್ಟು ಗಟ್ಟಿ ಬೆಸುಗೆ ನಿಮ್ಮದೇ, ಅಲ್ವಾ?" ಎಂದರು ಅತ್ತೆ ಮೆಲ್ಲಗೆ. ಅವನು ಗರಗಸವನ್ನು ಇನ್ನಷ್ಟು ಜೋರಾಗಿ ಉಜ್ಜಿದ.

ಹೊರಗೊಂದು ಸಾಲು, ಒಳಗೊಂದು ಸಾಲು ಬೆಳೆಯಿತು. ಅತ್ತೆಗೆ ಹೊತ್ತು ಹೋಗಬೇಕಲ್ಲ, ಒಬ್ಬೊಬ್ಬರನ್ನೇ ವಿಚಾರಿಸತೊಡಗಿದರು. ಯಾರ ಮನೆ, ಏನು ಕೆಲಸ, ಕಣ್ಣು ಯಾಕೆ ಕೆಂಪಗಿದೆ? ಒಳಗಿನ ಬೆಂಚಿಗೆ ಹೋಗಿ ಮಲಗಿದ ಆ ಕೆಂಪುಕಣ್ಣಿನವನನ್ನು ಎಬ್ಬಿಸಬೇಕೆಂದು ಯಾರೋ ಗೊಣಗಿದಾಗ, "ಸುಮ್ನಿರಿ, ಆಸ್ಪತ್ರೇಲಿ ರಾತ್ರಿಪಾಳಿ ಮುಗಿಸಿ ಬಂದಿದ್ದಾನೆ. ಬಾಡಿಗೆ ಮನೇಲಿ ಗಲಾಟೆಯಂತೆ" ಎಂದರು. ಬೈಕಿನವನೊಬ್ಬ ಬೇಲಿಯ ಸಂದು ಹುಡುಕುತ್ತಿದ್ದ. "ಏನಪ್ಪಾ, ನಿಮ್ಮಮ್ಮನ ಮಂಡಿನೋವು ಹೇಗಿದೆ? ನೀನು ಇಲ್ಲಿ ಬೈಕ್ ಓಡಿಸೋದು ಅವರಿಗೆ ಗೊತ್ತಾ?" ಎಂದದ್ದೇ ತಡ, ಅವನು ಬೈಕನ್ನು ತಳ್ಳಿಕೊಂಡೇ ಮಾಯವಾದ.

ಹೊರಗಿನ ಸಾಲಿನಲ್ಲಿ ಇಂಜಿನಿಯರೂ ಇದ್ದರು. ಅತ್ತೆ ಅವರ ಬಿ.ಪಿ.ಯನ್ನೂ ವಿಚಾರಿಸಿಕೊಂಡಿದ್ದರು.

ಅಂತೂ ಕಂಬಿ ತುಂಡಾಗಿ ಅತ್ತೆ ಹೊರಬಿದ್ದಾಗ ಎರಡೂ ಸಾಲಿನವರು ಚಪ್ಪಾಳೆ ತಟ್ಟಿದರು. ಇಂಜಿನಿಯರು ಕಿಡಿಯಣ್ಣನನ್ನು ಪಕ್ಕಕ್ಕೆ ಕರೆದರು.

"ಗೇಟು ಕಿತ್ತುಹಾಕು. ಗಾಲಿಕುರ್ಚಿ ಹೋಗುವಷ್ಟು ಜಾಗ ಬಿಡು. ಪಕ್ಕದಲ್ಲಿ ಒಂದು ಬೆಂಚು ಹಾಕು."

"ಬೈಕು ಬಂದ್ರೆ ಸಾರ್?"

"ನಿಮ್ಮ ಅತ್ತೆ ಕೂತಿರ್ತಾರಲ್ಲ!"

ಈಗ ಪಾರ್ಕು ದಿನವಿಡೀ ತೆರೆದಿರುತ್ತದೆ. ಅತ್ತೆಯ ಬೆಂಚಿಗೆ ಇನ್ನೂ ಮೂವರು ಗೆಳತಿಯರು ಸೇರಿದ್ದಾರೆ. ಬೈಕು ತರುವ ಧೈರ್ಯ ಯಾರಿಗೂ ಇಲ್ಲ. ಹೋದ ವಾರ ಪಕ್ಕದ ಬಡಾವಣೆಯವರು ಕಿಡಿಯಣ್ಣನ ಅಂಗಡಿಗೆ ಬಂದರು. ಗೇಟು ಬೇಡವಂತೆ, ಅತ್ತೆಯನ್ನು ಒಂದು ತಿಂಗಳ ಮಟ್ಟಿಗೆ ಕಳಿಸಿಕೊಡಬೇಕಂತೆ.

ಅತ್ತೆ ಕೇಳಿದ್ದು ಒಂದೇ: "ಅಲ್ಲಿ ಬೆಂಚಿಗೆ ನೆರಳಿದೆಯಾ?"